ನನ್ನ ಬಾಯಿ ಕಾಯುವ ಸಮಿತಿಯ ಅಧ್ಯಕ್ಷರ ಸನ್ನಿಧಿಗೆ

ಸವಣೂರು,
ಫೆಬ್ರುವರಿ ೧೯೮೨

ತಿಳವಳ್ಳಿಯ ಕಿರಾಣಿ ವರ್ತಕರೂ, ನನ್ನ ಧರ್ಮಪತ್ನಿಯ ಖಾಸಾ ತಮ್ಮನವರೂ, ನನ್ನ ಬಾಯಿಯೊಳಗೆ ಏನು ಹೋಗಬೇಕು ಏನು ಹೋಗಬಾರದು ಎಂಬುದನ್ನು ತೀರ್ಮಾನಿಸುವ ಸಮಿತಿಗೆ ತಮ್ಮನ್ನು ತಾವೇ ಅವಿರೋಧವಾಗಿ ಆರಿಸಿಕೊಂಡ ಅಧ್ಯಕ್ಷರೂ ಆದ ಶ್ರೀಮಾನ್ ಕರಬಸಪ್ಪನವರಿಗೆ, ಸದರಿ ಬಾಯಿಯ ಮಾಲೀಕನಾದ ಪರಮೇಶಪ್ಪನ ಶರಣು ಶರಣಾರ್ಥಿಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನನ್ನ ಕ್ಷೇಮದ ಬಗ್ಗೆ ನನಗಿಂತ ತಮಗೇ ಹೆಚ್ಚು ಗೊತ್ತಿರುವುದರಿಂದ ಆ ವಿಷಯ ನಾನು ಬರೆಯುವುದು ಅಧಿಕಪ್ರಸಂಗವಾದೀತು. ಈ ಪತ್ರದ ಒಂದು ಪ್ರತಿಯನ್ನು ಇಲ್ಲಿಯ ಬಸ್ ನಿಲ್ದಾಣದ ಎದುರಿಗಿರುವ ಬಂದೇಸಾಬರ ಚಹಾದಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಮನೆಯ ಮಾತನ್ನು ಬೀದಿಗೆ ತಂದನೆಂದು ತಾವು ಬೇಸರಪಡಬಾರದು; ದಿನಾ ಬೆಳಿಗ್ಗೆ ನನ್ನ ಮೂತ್ರದ ಬಣ್ಣವೇ ಬೀದಿಗೆಲ್ಲ ತಿಳಿಯುತ್ತಿರುವಾಗ ನನ್ನದೊಂದು ಪತ್ರವನ್ನು ಮುಚ್ಚಿಡುವುದರಲ್ಲಿ ನನಗೇನೂ ಅರ್ಥ ಕಾಣಲಿಲ್ಲ. ನನ್ನ ದೂರು ಚಿಕ್ಕದು. ತಾವು ಒಂದು ಉಂಡೆ ಬೆಲ್ಲವನ್ನು ನನ್ನಿಂದ ಕಿತ್ತುಕೊಂಡಿರಿ, ಅದರಿಂದಾಗಿ ನನ್ನ ಒಬ್ಬಳೇ ಮಗಳ ನಿಶ್ಚಯ ಆಗಿಹೋಯಿತು. ಇವೆರಡರ ನಡುವಿನ ಸಂಬಂಧ ತಮಗೆ ಇನ್ನೂ ಹೊಳೆದಿಲ್ಲವೆಂದು ತಮ್ಮ ಅಕ್ಕನವರ ಮುಖಾಂತರ ತಿಳಿದು, ಸಾವಧಾನವಾಗಿ ವಿವರಿಸಲು ಕೂತಿದ್ದೇನೆ. ಕೂರುವ ಮೊದಲು ಊಟ ಮಾಡಿದ್ದೇನೆ, ಆದ್ದರಿಂದ ಕೆಳಗಿನ ಮಾತುಗಳೆಲ್ಲ ನನ್ನವೇ.

ಎರಡು ವರ್ಷದ ಹಿಂದೆ ಹುಬ್ಬಳ್ಳಿಯ ಡಾಕ್ಟರರೊಬ್ಬರು ನನಗೆ ಸಕ್ಕರೆ ಕಾಯಿಲೆಯೆಂದು ಹೇಳಿ, ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕೆಂದು ವಿಧಿಸಿದಾಗ ತಮ್ಮ ಅಕ್ಕ ಸುಶೀಲವ್ವನವರು ನನ್ನ ಪಕ್ಕದಲ್ಲೇ ಕೂತಿದ್ದರು. ಸಿಹಿ ಬಿಡಬೇಕು ಎಂಬ ಮಾತಿನವರೆಗೂ ಕೂತಿದ್ದರು. ಆಮೇಲೆ ಬಾಗಿಲ ಹೊರಗೆ ಬಿಟ್ಟ ಹೊಸ ಚಪ್ಪಲಿಗಳ ನೆನಪಾಗಿ ಎದ್ದು ಹೋದರು. ಹೀಗಾಗಿ ಉಪದೇಶದ ಉತ್ತರಾರ್ಧವನ್ನು ಕೇಳಿದವನು ನಾನೊಬ್ಬನೇ. ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದೊಳಗಿನ ಸಕ್ಕರೆ ಇಳಿಯುತ್ತದೆ, ಮೈಯ ಬೇರೆ ಭಾಗಗಳು ಹೇಗೋ ಸಂಭಾಳಿಸಿಕೊಂಡರೂ ಮಿದುಳಿಗೆ ಅದು ಸಾಧ್ಯವಿಲ್ಲ, ಅದಕ್ಕೆ ಸಕ್ಕರೆಯೇ ಅನ್ನ. ಮೊದಲು ಬೆವರು, ನಡುಕ, ಕಾರಣವಿಲ್ಲದ ಸಿಟ್ಟು, ಆಮೇಲೆ ಮಾತು ತಪ್ಪುತ್ತದೆ, ಆಮೇಲೆ ಎಚ್ಚರವೇ ತಪ್ಪುತ್ತದೆ, ಆದ್ದರಿಂದ ಜೇಬಿನಲ್ಲಿ ಸದಾ ಒಂದು ಉಂಡೆ ಬೆಲ್ಲ ಇರಲಿ ಎಂದು ಅವರು ಹೇಳಿದರು. ಇದನ್ನು ಮನೆಗೆ ಬಂದು ತಮ್ಮ ಅಕ್ಕನವರಿಗೆ ಒಪ್ಪಿಸಿದೆ. ಅವರು ಸೊಂಟಕ್ಕೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಕ್ರಿ ಬ್ಯಾನಿ ಆದವಗ ಬೆಲ್ಲಾ ತಿನ್ನಂತ ಯಾವ ಡಾಕ್ಟರ್ ಹೇಳ್ತಾನ್ರಿ? ನಾ ಚಪ್ಪಲಿ ನೋಡಾಕ ಹೋಗಿದ್ದು ನಿಮಗ ಭಾಳ ಚಲೋ ಆತು" ಎಂದರು. ಅಂದಿನಿಂದ ಆ ಉತ್ತರಾರ್ಧಕ್ಕೆ ನಾನೇ ವಾದಿ, ನಾನೇ ಸಾಕ್ಷಿ, ನಾನೇ ಆರೋಪಿ.

ಆ ವಾರವೇ ತಾವು ತಿಳವಳ್ಳಿಯಿಂದ ಬಂದಿಳಿದು ಸಮಿತಿ ಕಟ್ಟಿದಿರಿ. ಅಧ್ಯಕ್ಷರು ತಾವು, ಮಹಾಪೋಷಕರು ತಮ್ಮ ಅಕ್ಕ, ಬಸ್ ನಿಲ್ದಾಣದ ಉಸ್ತುವಾರಿ ಬಂದೇಸಾಬರದು, ಓಣಿಯ ಉಳಿದವರೆಲ್ಲ ಗೌರವ ಸದಸ್ಯರು. ಅಂಗಡಿಯಲ್ಲಿ ಚೀಲಗಟ್ಟಲೆ ಸಕ್ಕರೆ, ಪೆಂಟೆಗಟ್ಟಲೆ ಬೆಲ್ಲ ಮಾರುವ ತಾವು ನನ್ನೊಬ್ಬನ ವಿಷಯದಲ್ಲಿ ಸ್ವಂತ ವ್ಯಾಪಾರಕ್ಕೇ ವಿರುದ್ಧವಾಗಿ ನಿಂತದ್ದು ಸಾಮಾನ್ಯ ತ್ಯಾಗವಲ್ಲ. ಉದ್ಘಾಟನೆಯ ದಿನ ಹಾರ ಹಾಕಿಸಿಕೊಂಡು ಮರುದಿನ ಮಲಗಿಬಿಡುವ ಸಮಿತಿಗಳನ್ನು ಕಂಡ ನನಗೆ ತಮ್ಮ ಸಮಿತಿಯ ದುಡಿಮೆ ನೋಡಿ ಕಣ್ಣು ತುಂಬಿ ಬಂತು. ಮದುವೆಯ ಪಂಕ್ತಿಯಲ್ಲಿ ನನ್ನ ಎಲೆಯ ಮುಂದೆ ಬಂದ ಕೂಡಲೇ ಬಡಿಸುವವರು ಹೋಳಿಗೆಯ ಬುಟ್ಟಿಯನ್ನು ಬೆನ್ನ ಹಿಂದೆ ಅಡಗಿಸುತ್ತಾರೆ. ರೇಷನ್ ಅಂಗಡಿಯವರು ನನ್ನ ಪಾಲಿನ ಸಕ್ಕರೆ ತೂಗುವಾಗ ನನ್ನನ್ನು ಅನುಮಾನದಿಂದ ನೋಡುತ್ತಾರೆ. ಕಳೆದ ಸಂಕ್ರಮಣದಲ್ಲಂತೂ ಊರೆಲ್ಲ ಕುಸುರೆಳ್ಳು ಹಂಚಿ ತಿನ್ನುವಾಗ, ತಾವು ಸ್ವತಃ ಪಡಸಾಲೆಯಲ್ಲಿ ಕೂತು ಒಂದೊಂದೇ ಎಳ್ಳಿನ ಮೇಲಿನ ಸಕ್ಕರೆಯನ್ನು ಉಗುರಿನಿಂದ ಕೆರೆದು ತೆಗೆದು, ಬತ್ತಲೆ ಎಳ್ಳನ್ನು ನನ್ನ ಅಂಗೈಗೆ ಹಾಕಿ, ಒಳ್ಳೆಯ ಮಾತಾಡೋಣ ಎಂದು ಹಾರೈಸಿದಿರಿ. ಕೆರೆದ ಸಕ್ಕರೆಯನ್ನು ವ್ಯರ್ಥ ಮಾಡಬಾರದೆಂದು ತಾವೇ ಬಾಯಿಗೆ ಹಾಕಿಕೊಂಡದ್ದನ್ನೂ ನಾನು ಗೌರವದಿಂದ ಗಮನಿಸಿದೆ.

ಇನ್ನು ನಮ್ಮ ಹಿತ್ತಲಿನ ಪ್ರಯೋಗಶಾಲೆ. ಗಾಜಿನ ನಳಿಕೆಯೊಳಗೆ ನೀಲಿ ದ್ರಾವಣ, ಅದಕ್ಕೆ ನನ್ನ ಮೂತ್ರದ ಕೆಲವು ಹನಿ, ಕೆಳಗೆ ಸ್ಪಿರಿಟ್ ದೀಪ. ಸಕ್ಕರೆ ಇದ್ದರೆ ಅದು ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಇಲ್ಲದಿದ್ದರೆ ನೀಲಿಯೇ ಉಳಿಯುತ್ತದೆ. ನೀಲಿ ಉಳಿದ ದಿನ ತಮ್ಮ ಅಕ್ಕ ಆ ನಳಿಕೆಯನ್ನು ತಲೆಬಾಗಿಲಿಗೆ ತಂದು, "ನೋಡ್ರೆವ್ವಾ, ನೀಲಿ ಐತಿ ನೀಲಿ!" ಎಂದು ಓಣಿಗೆಲ್ಲ ತೋರಿಸುತ್ತಾರೆ. ನಮ್ಮ ಮದುವೆಯಾದ ಮೇಲೆ ಅವರು ನನ್ನ ಬಗ್ಗೆ ಇಷ್ಟು ಅಭಿಮಾನಪಟ್ಟದ್ದು ಇದೇ ಮೊದಲು. ಆದರೆ ಆ ನಳಿಕೆ ಸಕ್ಕರೆ ಏರಿದ ಸುದ್ದಿ ಹೇಳುತ್ತದೆಯೇ ಹೊರತು ಇಳಿದ ಸುದ್ದಿ ಹೇಳುವುದಿಲ್ಲ ಮಾನ್ಯರೇ. ಸಕ್ಕರೆ ಹದವಾಗಿದ್ದರೂ ನೀಲಿ, ಸಾಯುವಷ್ಟು ಇಳಿದಿದ್ದರೂ ಅದೇ ನೀಲಿ. ಓಣಿಯವರು ಬಂದು ನನ್ನನ್ನು ಅಭಿನಂದಿಸುತ್ತಿದ್ದ ಎಷ್ಟೋ ಬೆಳಗುಗಳಲ್ಲಿ ಅವರ ಹೆಸರು ನನಗೆ ನೆನಪಾಗುತ್ತಿರಲಿಲ್ಲ.

ಮಿದುಳು ಹೀಗೆ ಅನ್ನವಿಲ್ಲದೆ ಕೂತಾಗ ಏನಾಗುತ್ತದೆ ಎಂಬುದಕ್ಕೆ ಒಂದು ದೃಷ್ಟಾಂತ ಕೊಡುತ್ತೇನೆ. ನಾನು ಒಂದು ಸರಕಾರಿ ಕಚೇರಿಯ ಗುಮಾಸ್ತ. ಯಾವ ಕಚೇರಿ ಎಂದು ಬರೆಯುವುದು ನನ್ನ ಪಿಂಚಣಿಗೆ ಒಳ್ಳೆಯದಲ್ಲ. ಕಳೆದ ಮಳೆಗಾಲದಲ್ಲಿ ಒಂದು ದಿನ ಸಭೆಯೊಂದು ಎಳೆದು, ಬುತ್ತಿ ಬಿಚ್ಚುವ ಹೊತ್ತು ಮೀರಿತು. ಅಕ್ಷರಗಳು ಜೋಡಿ ಜೋಡಿಯಾಗಿ ಕಾಣತೊಡಗಿದವು. ಯಾರೋ ಕೇಳಿದ ಪ್ರಶ್ನೆಗೆ ಉತ್ತರ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕುಕ್ಕರಿಸಿ ಕೂತಿತು. ಎದುರಿಗಿದ್ದ ಕಡತಗಳನ್ನೆಲ್ಲ, ವರ್ಷಗಟ್ಟಲೆ ಆಕ್ಷೇಪಣೆ ಹಾಕಿ ಹಾಕಿ ನಾನೇ ಕಟ್ಟಿಟ್ಟಿದ್ದವುಗಳನ್ನು, ಬಿಚ್ಚಿ ಬಿಚ್ಚಿ 'ಒಪ್ಪಿದೆ' ಎಂದು ಷರಾ ಬರೆದೆನಂತೆ. ನನ್ನ ಮಿದುಳು ಕೆಲಸ ನಿಲ್ಲಿಸಿದ ಈ ಸಂಗತಿ ಕಚೇರಿಯಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಸಾಹೇಬರು ಕರೆಸಿಕೊಂಡು, "ಪರಮೇಶಪ್ಪಾರ, ಹಿಂಗ ದಿನಾ ಕೆಲಸಾ ಮಾಡಿದ್ರ ನಿಮಗ ಬಡ್ತಿ ಕೊಡಬೋದು ನೋಡ್ರಿ" ಎಂದು ಬೆನ್ನು ತಟ್ಟಿದರು. ಆದ್ದರಿಂದ ಕಚೇರಿಯಲ್ಲಿ ಮಿದುಳು ಇಲ್ಲದಿರುವುದು ಅಪಾಯವೇನಲ್ಲವೆಂದು ನಾನು ಒಪ್ಪುತ್ತೇನೆ. ನನ್ನ ದೂರು ಮನೆಯ ಮಟ್ಟಿಗೆ ಮಾತ್ರ.

ಅದೇ ದಿನ ಸಂಜೆ, ಕಾಲು ಎತ್ತಿಟ್ಟಲ್ಲಿ ಬೀಳದೆ, ಹೇಗೋ ಬಂದೇಸಾಬರ ಅಂಗಡಿ ಮುಟ್ಟಿ, ಒಂದು ಕಪ್ ಚಹಾ, ಎರಡು ಚಮಚ ಸಕ್ಕರೆ ಎಂದು ಕೇಳಿದೆ. ಅವರು ನನ್ನ ನಡುಗುವ ಕೈ ನೋಡಿ ಅಯ್ಯೋ ಅಂದರು, ಬೆಂಚಿನ ಮೇಲೆ ಕೂರಿಸಿದರು, ಗಾಳಿ ಬೀಸಿದರು. ಸಕ್ಕರೆ ಮಾತ್ರ ಹಾಕಲಿಲ್ಲ. "ಅಕ್ಕಾರಿಗೆ ಮಾತು ಕೊಟ್ಟೇನ್ರಿ ಸಾಹೇಬ್ರ. ಜೀವಾ ಹೋದ್ರೂ ನಿಮಗ ಸಕ್ರಿ ಹಾಕಂಗಿಲ್ಲ" ಎಂದರು. ಯಾರ ಜೀವ ಎಂದು ಕೇಳುವಷ್ಟು ಮಿದುಳು ಆಗ ನನ್ನಲ್ಲಿ ಉಳಿದಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಪ್ರಯಾಣಿಕರೊಬ್ಬರು ಬಸ್ಸು ಬಂತೆಂದು ಅರ್ಧ ಕುಡಿದು ಬಿಟ್ಟುಹೋದ ಎಂಜಲು ಚಹಾವನ್ನು ಕದ್ದು ಕುಡಿದು ನಾನು ಬದುಕಿಕೊಂಡೆ. ಆ ಪುಣ್ಯಾತ್ಮರು ಯಾರೋ ಏನೋ, ಸಕ್ಕರೆ ಧಾರಾಳ ಹಾಕಿಸಿಕೊಂಡಿದ್ದರು.

ಇಷ್ಟು ಪೀಠಿಕೆಯಾದ ಮೇಲೆ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ವೀರವ್ವ ಹಾನಗಲ್ಲಿನಲ್ಲಿ ಶಿಕ್ಷಕಿಯರ ತರಬೇತಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದಾಳೆ. ರಟ್ಟೀಹಳ್ಳಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಗದಿಗೆಪ್ಪನವರ ಮಗನ ಸಂಬಂಧವನ್ನು ತಂದವರು ತಾವು. ಹುಡುಗ ಒಳ್ಳೆಯವನೇ. ಆದರೆ ಮದುವೆ ಪರೀಕ್ಷೆಗೆ ಮೊದಲೇ ಆಗಬೇಕು, ಆ ಮನೆಯ ಸೊಸೆ ಹೊರಗೆ ನೌಕರಿಗೆ ಹೋಗುವ ರೂಢಿಯಿಲ್ಲ ಎಂದು ತಾವೇ ಹೇಳಿದಿರಿ. ವೀರವ್ವ ನನ್ನನ್ನು ಹಿತ್ತಲಿಗೆ ಕರೆದು, "ಅಪ್ಪಾ, ಪರೀಕ್ಷಾ ಮುಗಿಸಿ ನೌಕ್ರಿ ಹಿಡಿಯೂತನಕ ನನ್ನ ಹೆಸರಿಲೆ ಯಾರ ಬಾಯಾಗೂ ಸಕ್ರಿ ಬೀಳಬಾರ್ದು" ಎಂದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು ಆಗಲಿ ಎಂದೆ. ಬಂದವರಿಗೆ ಮರ್ಯಾದೆಯಿಂದ ಊಟ ಹಾಕಿ, ಸದ್ಯಕ್ಕೆ ಆಗದೆಂದು ಹೇಳಿ ಕಳಿಸುವುದೆಂದು ನಿಶ್ಚಯಿಸಿ, ಆಡಬೇಕಾದ ಮಾತುಗಳನ್ನು ಬಾಯಿಪಾಠವನ್ನೂ ಮಾಡಿದ್ದೆ. ತಾವಾದರೋ, ನಿಶ್ಚಯದ ಸಕ್ಕರೆ ಶಾಸ್ತ್ರ ಆದರೆ ಆಗಲಿ ಎಂದು ಅಂಗಡಿಯಿಂದ ಒಂದು ತಾಟು ಸಕ್ಕರೆ ತಂದು ಜಮಖಾನೆಯ ನಡುವೆ ಇಟ್ಟಿರಿ.

ಆ ದಿನ ಬೆಳಿಗ್ಗೆ ಎಂದಿನಂತೆ ಚುಚ್ಚಿಕೊಂಡೆ. ಮಧ್ಯಾಹ್ನ ಔತಣದ ಊಟವಿರುವುದರಿಂದ ಈಗ ಹೊಟ್ಟೆ ಹಗುರ ಇರಲಿ ಎಂದು ಸಮಿತಿ ತೀರ್ಮಾನಿಸಿ ನನಗೆ ಅರ್ಧ ರೊಟ್ಟಿ ಮಂಜೂರು ಮಾಡಿತು. ನನ್ನ ಕೋಟಿಗೆ ಬ್ರಷ್ ಹಾಕುವ ನೆಪದಲ್ಲಿ ತಾವು ಒಳಜೇಬು ತಡಕಿ, ನಾನು ಚಿಂದಿಯಲ್ಲಿ ಸುತ್ತಿ ಇಟ್ಟುಕೊಂಡಿದ್ದ ಬೆಲ್ಲದ ಉಂಡೆಯನ್ನು ಎತ್ತಿ ಹಿಡಿದು, "ಅಕ್ಕಾ, ಇಲ್ಲಿ ನೋಡ ನಿನ್ನ ಗಂಡನ ಕಳ್ಳತನಾ!" ಎಂದು ಕೂಗಿದಿರಿ. ಆಮೇಲೆ ಅದನ್ನು ಹಿತ್ತಲಿನ ಕರುವಿಗೆ ತಿನ್ನಿಸಿದಿರಿ. ಆ ಕರು ಈಗಲೂ ನನ್ನನ್ನು ಕಂಡರೆ ಜೇಬಿಗೆ ಮೂತಿ ಹಾಕುತ್ತದೆ. ಬರಬೇಕಾದವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಬೀಗರಾಗಲಿ ಆಗದಿರಲಿ, ಮನೆಗೆ ಬರುವವರು ಉಣ್ಣುವ ಮೊದಲು ಮನೆಯ ಯಜಮಾನ ಉಣ್ಣುವುದುಂಟೇ? ಹನ್ನೆರಡಾಯಿತು, ಒಂದಾಯಿತು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿದ್ದದ್ದು ನನಗೆ ಕೊನೆಯದಾಗಿ ನೆನಪಿದೆ.

ಇಲ್ಲಿಂದ ಮುಂದಿನದು ನನ್ನ ನೆನಪಲ್ಲ, ಬೇರೆಯವರ ಹೇಳಿಕೆ. ಅವರು ಬಂದು ಕೂತರಂತೆ. ಗದಿಗೆಪ್ಪನವರು ಸಲುಗೆಯಿಂದ, ನೌಕರಿ ಇನ್ನು ಎಷ್ಟು ವರ್ಷ ಉಳಿದಿದೆ ಎಂದು ಕೇಳಿದಾಗ ನಾನು "ಎರಡು ಬಾಗಲಾ, ಒಂದು ಕಿಡಕಿ" ಎಂದೆನಂತೆ. ಅಂಗಿ ಬೆವರಿಗೆ ಮೈಗೆ ಅಂಟಿತ್ತಂತೆ. ಗೋಡೆಯ ಗಡಿಯಾರವನ್ನು ನೋಡಿ, "ಏಳ, ಹಿರ್ಯಾರು ಬಂದಾರ, ಜಾಗಾ ಬಿಡ" ಎಂದು ಗದರಿದೆನಂತೆ. ತಾವು ಕೂಡಲೇ ನೆರೆದವರಿಗೆ, ಮಗಳನ್ನು ಕೊಡುವ ತಂದೆಯ ಸಂಕಟ ಹೀಗೆಯೇ ಇರುತ್ತದೆಂದು ವಿವರಿಸಿದಿರಿ. ಹೆಂಗಸರು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ನನ್ನ ಕೈ ತಾನಾಗಿಯೇ ಸಕ್ಕರೆಯ ತಾಟಿಗೆ ಹೋಯಿತು. ತಮ್ಮ ಕರ್ತವ್ಯಪ್ರಜ್ಞೆ ಎಂಥದು! ಹಾರಿ ಬಂದು ನನ್ನ ಮುಂಗೈ ಹಿಡಿದು, "ಮಾಮಾರ, ಬ್ಯಾಡ್ರಿ! ಮಂದಿ ಮುಂದ ಮಾನಾ ಕಳೀಬ್ಯಾಡ್ರಿ!" ಎಂದಿರಿ.

ಆಗ ಗದಿಗೆಪ್ಪನವರು ಎದ್ದು ಬಂದು, ತಾಟಿನಿಂದ ಒಂದು ಹಿಡಿ ಸಕ್ಕರೆ ತೆಗೆದು ನನ್ನ ಬಾಯಿಗೆ ತುಂಬಿದರು. ನಮ್ಮ ಕಡೆ ಎರಡೂ ಮನೆಯ ಹಿರಿಯರು ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕಿದರೆ ಮಾತು ಮುಗಿದಂತೆ; ಮದುವೆಯೊಂದೇ ಬಾಕಿ. "ಬಿತ್ತು! ಬೀಗರ ಕೈಲೆ ಸಕ್ರಿ ಬಿತ್ತು!" ಎಂದು ತಾವು ಕೂಗಿದಿರಿ. ಇಲ್ಲಿ ತಮ್ಮ ಸಮಯಸ್ಫೂರ್ತಿಯನ್ನು ಎಷ್ಟು ಹೊಗಳಿದರೂ ಸಾಲದು. ಸಕ್ಕರೆ ತಿನ್ನದಂತೆ ಹಿಡಿದಿದ್ದ ನನ್ನ ಮುಂಗೈಯನ್ನು ಬಿಡದೆ, ಹಾಗೇ ತಾಟಿಗೆ ಅದ್ದಿ, ಹಾಗೇ ತಿರುಗಿಸಿ, ಬೆರಳಿಗೆ ಅಂಟಿದ ಸಕ್ಕರೆಯನ್ನು ಗದಿಗೆಪ್ಪನವರ ಬಾಯಿಗೆ ಮುಟ್ಟಿಸಿ ಶಾಸ್ತ್ರವನ್ನು ಪೂರ್ತಿ ಮಾಡಿದಿರಿ. ಕಾವಲಿಗೆ ಹಿಡಿದ ಕೈ ಕಾರ್ಯಕ್ಕೂ ಒದಗಿತು.

ಸ್ವಲ್ಪ ಹೊತ್ತಿಗೆ ನನ್ನ ಮಿದುಳು ಮನೆಗೆ ಮರಳಿತು. ಸಕ್ಕರೆ ತಿಂದದ್ದರಿಂದ ಬುದ್ಧಿ ಬಂತು. ಬುದ್ಧಿ ಬಂದು ನೋಡಿದರೆ, ಅದೇ ಸಕ್ಕರೆಯಿಂದ ಬುದ್ಧಿಯಿಲ್ಲದ ಕೆಲಸ ಆಗಿಹೋಗಿತ್ತು. ಸುತ್ತಲೂ ಜನ ನಗುತ್ತಿದ್ದರು, ಯಾರೋ ಎಲೆ ಅಡಿಕೆ ಕೊಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ವೀರವ್ವ ನಿಂತಿದ್ದಳು. ಅಳುತ್ತಿರಲಿಲ್ಲ. ಇವನು ನನ್ನ ಅಪ್ಪನೇ ಹೌದೋ ಎಂದು ಗುರುತು ಹಿಡಿಯುವವರಂತೆ ನನ್ನನ್ನು ನೋಡುತ್ತಿದ್ದಳು. ಮಾನ್ಯರೇ, ನನ್ನ ಕಾಯಿಲೆಯ ಬಗ್ಗೆ ನಾನು ಎಂದೂ ಅತ್ತವನಲ್ಲ. ಆ ನೋಟವನ್ನು ನೆನೆದು ಮಾತ್ರ ಅತ್ತಿದ್ದೇನೆ. ಅವಳ ತಲೆಯ ಮೇಲೆ ಇಟ್ಟ ಕೈಯಿಂದಲೇ ನಾನು ಅವಳನ್ನು ಕೊಟ್ಟುಬಿಟ್ಟಿದ್ದೆ, ಮತ್ತು ಕೊಟ್ಟದ್ದು ನನಗೆ ಗೊತ್ತೇ ಇರಲಿಲ್ಲ.

ಅಂದೇ ನಾನು ತಮ್ಮಲ್ಲಿ ಕೈ ಮುಗಿದು ಕೇಳಿಕೊಂಡೆ. ಕುಡಿದವನ ಸಹಿ ನಡೆಯುವುದಿಲ್ಲ, ಜ್ವರದಲ್ಲಿ ಬಡಬಡಿಸಿದವನ ಮಾತು ನಡೆಯುವುದಿಲ್ಲ, ಹಾಗಿರುವಾಗ ಮಿದುಳಿಗೆ ಅನ್ನವಿಲ್ಲದವನು ನುಂಗಿದ ಸಕ್ಕರೆ ಹೇಗೆ ನಡೆದೀತು ಎಂದೆ. ತಾವು ಒಪ್ಪಲಿಲ್ಲ. "ಸಕ್ರಿ ತಿಂದ ಬಾಯಿಲೆ ಇಲ್ಲಾ ಅನ್ನಾಕ ನಮ್ಮ ಮನಿತನದಾಗ ಯಾರಿಗೂ ಬಂದಿಲ್ಲರಿ ಮಾಮಾ" ಎಂದಿರಿ. ಎರಡು ವರ್ಷದಿಂದ, ಸಕ್ಕರೆ ತಿಂದರೆ ನಾನು ಬದುಕುವುದಿಲ್ಲ ಎಂದು ಸಾರಿದ ತಾವೇ ಈಗ, ತಿಂದದ್ದಕ್ಕೆ ಮಗಳನ್ನು ಕೊಡಿ ಎಂದು ಕೂತಿರಿ. ತಮ್ಮ ಅಕ್ಕನವರು ಮಾತ್ರ ಅಂದು ಕರುವಿನ ಹತ್ತಿರ ಹೋಗಿ ನಿಂತಿದ್ದರು.

ಇನ್ನು ಮುಂದಿನದು ತಮಗೆ ಪೂರ್ತಿ ತಿಳಿದಿಲ್ಲದ ಭಾಗ. ವೀರವ್ವ ಬಾಗಿಲ ಸಂದಿಯಿಂದ ಎಲ್ಲವನ್ನೂ ನೋಡಿದ್ದಳು. ಗದಿಗೆಪ್ಪನವರು ಸಕ್ಕರೆ ಹಾಕುವ ಮೊದಲು ತಮ್ಮ ಶಲ್ಯದ ತುದಿಯಿಂದ ನನ್ನ ಹಣೆಯ ಬೆವರು ಒರೆಸಿದ್ದನ್ನು, ಹಾಕಿದ ಮೇಲೆ ಗದ್ದ ಹಿಡಿದು ನೀರು ಕುಡಿಸಿದ್ದನ್ನು, ನಾನು ನುಂಗಿದೆನೋ ಇಲ್ಲವೋ ಎಂದು ಗಂಟಲನ್ನೇ ನೋಡುತ್ತಿದ್ದುದನ್ನು ನೋಡಿದ್ದಳು. ಬೀಗತನ ಮಾಡುವವರು ಗಂಟಲು ನೋಡುವುದಿಲ್ಲ. ಒಂದು ವಾರದ ಮೇಲೆ ಹಾನಗಲ್ಲಿನಿಂದ ಹಿರೇಕೆರೂರಿನ ಬಸ್ಸು ಹತ್ತಿ, ಅಲ್ಲಿಂದ ಬಸ್ಸು ಬದಲಿಸಿ, ಒಬ್ಬಳೇ ರಟ್ಟೀಹಳ್ಳಿಗೆ ಹೋದಳು. ನಿಶ್ಚಯವಾದ ಹುಡುಗಿ ಗಂಡಿನ ಮನೆಗೆ ತಾನೇ ಹೋಗುವುದು ನಮ್ಮಲ್ಲಿ ಕೇಳರಿಯದ ಸಂಗತಿ ಎಂದು ತಾವು ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ. ದಾರಿಯಲ್ಲಿ ತಿಳವಳ್ಳಿಯಲ್ಲಿ ಬಸ್ಸು ನಿಂತಾಗ ತಾವು ಅಂಗಡಿಯ ಗಲ್ಲೆಯಲ್ಲಿ ಕೂತು ಯಾರಿಗೋ ಸಕ್ಕರೆ ತೂಗುತ್ತಿದ್ದಿರಂತೆ. ಸೆರಗು ಹೊದ್ದು ಇನ್ನೊಂದು ಕಡೆ ಮುಖ ತಿರುಗಿಸಿ ಕೂತಳಂತೆ.

ಗಿರಣಿಯ ಸದ್ದಿನಲ್ಲಿ ನಿಂತು ಅವಳು ಗದಿಗೆಪ್ಪನವರನ್ನು ಒಂದೇ ಮಾತು ಕೇಳಿದಳು: "ನಮ್ಮಪ್ಪಗ ನೀವು ಸಕ್ರಿ ಹಾಕಿದ್ದು ಬೀಗಂತ ಹಾಕಿದ್ರೋ, ಸಾಯಾಕತ್ತಾನಂತ ಹಾಕಿದ್ರೋ?" ಅವರು, ಊಟ ಮಾಡಿ ಹೋಗು ತಾಯಿ ಎಂದರಂತೆ. ಅಷ್ಟೇ.

ಕಳೆದ ಐತವಾರ ಅವರು ನಮ್ಮ ಮನೆಗೆ ಬಂದು, ತಮ್ಮ ಮತ್ತು ಓಣಿಯವರ ಎದುರಿಗೆ, ಅದೇ ಜಮಖಾನೆಯ ಮೇಲೆ ಕೂತು ಏನು ಹೇಳಿದರೆಂಬುದನ್ನು ತಾವು ಕೇಳಿದ್ದೀರಿ. ಆದರೂ ತಾವು ಕೋಪದಲ್ಲಿ ಇದ್ದುದರಿಂದ ಕಿವಿಗೆ ಬಿದ್ದಿರಲಾರದೆಂದು ಮತ್ತೆ ಬರೆಯುತ್ತೇನೆ. "ಅದು ನಿಶ್ಚೆ ಸಕ್ರಿ ಅಲ್ಲರಿ, ಔಷಧ. ಆ ಬೆವರು, ಆ ಹುಚ್ಚು ಮಾತು ನನಗ ಗೊತ್ತೈತ್ರಿ. ನನಗೂ ಐತಿ ಈ ಬ್ಯಾನಿ. ಮಂದಿಗೆ ಹೇಳಿಲ್ಲ. ನನ್ನ ಮಗಳು ಮದವಿಗಿ ಬಂದಾಳ, ಸಕ್ರಿ ಬ್ಯಾನಿ ಮನಿತನಾ ಅಂದ್ರ ಯಾರು ಮಾಡ್ಕೊಂತಾರ್ರಿ? ಅದಕ್ಕ ಅವತ್ತು ಸುಮ್ಮನ ಕುಂತೆ, ತಪ್ಪಾತು" ಎಂದರು. ಹಾಗೆಂದು ತಲೆಯ ರುಮಾಲನ್ನು ಬಿಚ್ಚಿ, ಅದರ ಒಳಮಡಿಕೆಯಿಂದ ಬಟ್ಟೆಯಲ್ಲಿ ಸುತ್ತಿದ ಬೆಲ್ಲದ ಉಂಡೆಯೊಂದನ್ನು ತೆಗೆದು ಎಲ್ಲರ ಎದುರು ಇಟ್ಟರು. ಯಾವ ಸಮಿತಿಯೂ ಹಿರಿಯರ ರುಮಾಲಿಗೆ ಕೈ ಹಾಕುವುದಿಲ್ಲವಲ್ಲ! ಮಗನಿಗೆ ಸಿಗುತ್ತಿದ್ದ ಸೊಸೆಯನ್ನು ಬಿಟ್ಟುಕೊಟ್ಟು, ಸ್ವಂತ ಮಗಳ ಸಂಬಂಧಕ್ಕೆ ಕೈಯಾರೆ ಕಲ್ಲು ಹಾಕಿಕೊಂಡು, ಅವರು ನನ್ನ ಮಗಳ ಪರೀಕ್ಷೆಯನ್ನು ಅವಳಿಗೆ ಮರಳಿ ಕೊಟ್ಟು ಹೋದರು. ನನ್ನವರೆಂದುಕೊಂಡವರು ನನ್ನ ಕೈ ಹಿಡಿದಾಗ, ಬೇರೆಯವರು ನನ್ನ ಜೀವ ಹಿಡಿದರು. ಅವರ ಋಣ ನಾನು ತೀರಿಸಲಾರೆ. ತಾವಾದರೋ "ಹಂಗಾರ ನನ್ನ ಮಾತಿಗೆ ಕಿಮ್ಮತ್ತಿಲ್ಲ" ಎಂದು ಬಡಿಸಿದ ಎಲೆಯಿಂದ ಎದ್ದು ಹೋದಿರಿ; ಅಂದಿನಿಂದ ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ.

ಆದುದರಿಂದ ತಮ್ಮ ಸಮಿತಿಯ ಮುಂದೆ ಕೆಲವು ಬಿನ್ನಹಗಳನ್ನಿಡುತ್ತೇನೆ. ಯಲವಿಗಿ ಸ್ಟೇಶನ್ನಿನಲ್ಲಿ ಗಾಡಿ ಬರುವ ಮೊದಲು ಸಿಗ್ನಲ್ ಕೈ ಇಳಿಸುತ್ತಾರಲ್ಲ, ಅಂಥದೊಂದನ್ನು ನನ್ನ ತಲೆಯ ಮೇಲೆ ಸಮಿತಿಯ ಖರ್ಚಿನಲ್ಲಿ ನಿಲ್ಲಿಸಿಕೊಡಬೇಕು. ಮಿದುಳು ಊರಿನಲ್ಲಿದ್ದಾಗ ಕೈ ಇಳಿದಿರಲಿ, ಇಲ್ಲದಾಗ ಎತ್ತಿರಲಿ. ಎತ್ತಿದ ಹೊತ್ತಿನಲ್ಲಿ ನನ್ನಿಂದ ಯಾರೂ ಸಹಿ, ಮಾತು, ಮಗಳು ಕೇಳಕೂಡದು. ಇನ್ನು, ನಿಶ್ಚಯಕ್ಕೆ ಸಕ್ಕರೆ ಹಾಕುವ ಪದ್ಧತಿಯನ್ನೇ ನಿಲ್ಲಿಸಿ ಬ್ಯಾಡಗಿ ಮೆಣಸಿನಕಾಯಿ ಹಾಕುವ ಪದ್ಧತಿಯನ್ನು ತಾವೇ ಮುಂದಾಗಿ ಜಾರಿಗೆ ತರಬೇಕು. ಅದನ್ನು ಯಾವ ರೋಗಿಯೂ ತಪ್ಪಿ ತಿನ್ನಲಾರ, ತಿಂದವನು ಪೂರ್ತಿ ಎಚ್ಚರದಲ್ಲಿದ್ದಾನೆಂಬುದರಲ್ಲಿ ಯಾರಿಗೂ ಅನುಮಾನ ಬರಲಾರದು. ಇಷ್ಟೂ ಆಗದಿದ್ದರೆ ಆ ಕರುವನ್ನು ಸಮಿತಿಯ ಸದಸ್ಯನನ್ನಾಗಿ ಮಾಡಿಕೊಳ್ಳಿರಿ. ನನ್ನ ಜೇಬಿನಲ್ಲಿ ಬೆಲ್ಲ ಇರಬೇಕೆಂದು ಮನಸಾರೆ ಬಯಸುವ ಪ್ರಾಣಿ ನಮ್ಮ ಮನೆಯಲ್ಲಿ ಅದೊಂದೇ ಇತ್ತು.

ಇತ್ತು ಎಂದು ಬರೆದೆ, ಏಕೆಂದರೆ ಮಹಾಪೋಷಕರು ಪಕ್ಷ ಬದಲಿಸಿದ್ದಾರೆ. ತಮ್ಮ ಅಕ್ಕ ಈಗ ನೀಲಿ ನಳಿಕೆಯನ್ನು ಬಾಗಿಲಿಗೆ ಒಯ್ಯುವುದಿಲ್ಲ. ನಳಿಕೆ ಬದಿಗಿಟ್ಟು ನನ್ನ ಮುಖ ನೋಡುತ್ತಾರೆ. ಹೊತ್ತಿಗೊಮ್ಮೆ ಎದುರಿಗೆ ಬಂದು ನಿಂತು, "ನಮ್ಮ ಮಗಳ ಹೆಸರ ಏನ್ರಿ?" ಎಂದು ಕೇಳುತ್ತಾರೆ. ಕೂಡಲೇ ಹೇಳಿದರೆ ಹೋಗಿ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಮೊನ್ನೆ ನಾನು ಉತ್ತರ ಕೊಡಲು ತಡ ಮಾಡಿದೆ. ಆ ಹೆಸರು ಎಷ್ಟು ಹುಡುಕಿದರೂ ಸಿಗಲಿಲ್ಲ. ಅವರು ಸೆರಗಿನ ಗಂಟು ಬಿಚ್ಚಿ ಬೆಲ್ಲವನ್ನು ನನ್ನ ಬಾಯಿಗೆ ಹಾಕಿ, ನಾನು ವೀರವ್ವ ಎನ್ನುವವರೆಗೂ ನನ್ನ ಗಂಟಲನ್ನೇ ನೋಡುತ್ತ ಕೂತಿದ್ದರು.

ಹೊಟ್ಟೆ ತುಂಬಿರುವಾಗ ಮಾತ್ರ ಖಚಿತವಾಗಿ,
ತಮ್ಮ ವಿಶ್ವಾಸಿ,
ಪರಮೇಶಪ್ಪ

ತಾ.ಕ.: ಐತವಾರ ತಾವು ಸಿಟ್ಟಿನಿಂದ ಎದ್ದು ಹೋಗುವ ಮೊದಲು ಒಂದು ತಂಬಿಗೆ ನೀರನ್ನು ಒಂದೇ ಉಸಿರಿಗೆ ಕುಡಿದು ಇನ್ನೊಂದು ಕೇಳಿದ್ದನ್ನು, ಊಟಕ್ಕೆ ಕೂರುವಷ್ಟರಲ್ಲಿ ಮೂರು ಸಲ ಹಿತ್ತಲಿಗೆ ಹೋಗಿ ಬಂದದ್ದನ್ನು ನಾನು ಗಮನಿಸಿದೆ. ತಾವು ಹೋದ ಮೇಲೆ ಹಿತ್ತಲಿನ ಬಚ್ಚಲಿನಲ್ಲಿ ಇರುವೆಗಳು ಸಾಲುಗಟ್ಟಿದ್ದವು. ನನಗೂ ಹೀಗೆಯೇ ಶುರುವಾದದ್ದು. ಸಿಟ್ಟು ಬಿಟ್ಟು ಈ ಪತ್ರ ಮುಟ್ಟಿದ ಮರುದಿನ ಬೆಳಗಿನ ಬಸ್ಸಿಗೆ ಬಂದುಬಿಡಿ. ಹುಬ್ಬಳ್ಳಿಗೆ ಇಬ್ಬರೂ ಕೂಡಿ ಹೋಗೋಣ, ಡಾಕ್ಟರರು ಪೂರ್ತಿ ಹೇಳಿ ಮುಗಿಸುವವರೆಗೆ ಹೊರಗೆ ತಮ್ಮ ಚಪ್ಪಲಿಯನ್ನು ನಾನು ಕಾಯುತ್ತೇನೆ. ನಳಿಕೆಯನ್ನು ತೊಳೆದಿಟ್ಟಿದ್ದೇನೆ. ಇಟ್ಟಿಗೆಯ ಬಣ್ಣ ಬಂದರೆ ಹೆದರಬೇಡಿ, ಸಮಿತಿ ಹೇಗೂ ಸಿದ್ಧವಾಗಿದೆ. ಅಧ್ಯಕ್ಷ ಸ್ಥಾನಕ್ಕೆ ನಾನು ನಿಂತಿದ್ದೇನೆ, ಬಂದೇಸಾಬರು ಅನುಮೋದಿಸಿದ್ದಾರೆ.